ದಂಬೆಯಲ್ಲಿ ಮಲಗಿಸಿದ ಕೆರೆ

ಶಿರ್ತಾಡಿಯ ಆಚೆ ನೆಲ್ಲಿಬೆಟ್ಟು ಬೀಡಿನ ಕೆರೆಯ ಹೂಳು ತೆಗೆದದ್ದು ಅರವತ್ತಮೂರನೆಯ ಇಸವಿಯ ಬೇಸಿಗೆಯಲ್ಲಿ. ಆ ದೊಡ್ಡ ಮನೆಯ ಯಜಮಾನರು ಮುನಿರಾಜ ಬಲ್ಲಾಳರು. ಹನ್ನೊಂದು ಜನರ ಕೆಲಸ, ಮೇಸ್ತ್ರಿ ನಾನು. ಊರು ವಾಮದಪದವು, ಹೆಸರು ಲೋಕಯ್ಯ. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಜೊತೆ ಹಾರೆ ಹಿಡಿದವನು ನಾನು. ಯಾವ ಕೆರೆಯಲ್ಲಿ ಎಷ್ಟು ಕೋಲಿಗೆ ಯಾವ ಮಣ್ಣು ಸಿಕ್ಕಿತು ಎಂದು ಈಗ ಕೇಳಿದರೂ ಹೇಳುತ್ತೇನೆ.

ನೆಲ್ಲಿಬೆಟ್ಟಿನ ಮಣ್ಣು ಬೇರೆ ಎಲ್ಲಿಯೂ ಕಂಡದ್ದಲ್ಲ. ಮೇಲೆ ಒಂದು ಮೊಳ ಕಪ್ಪು ಕೆಸರು. ಅದರ ಕೆಳಗೆ ಬೂದು ಬಣ್ಣದ ಅಂಟುಮಣ್ಣು. ಮತ್ತೆ ಒಂದು ಗೇಣು ಕೆಂಪು ಮುರಕಲ್ಲಿನ ಹರಳು, ಹಾರೆ ಬಿದ್ದರೆ ಟಣ್ ಎನ್ನುವಷ್ಟು ಗಟ್ಟಿ. ಬೇರೆ ಯಾರಾದರೂ ಅಲ್ಲಿಗೇ ತಳ ಬಂತು ಎಂದು ಮೇಲೆ ಹತ್ತುತ್ತಿದ್ದರು. ನಾನು ಇನ್ನೂ ತೋಡಿಸಿದೆ. ಹರಳಿನ ಕೆಳಗೆ ಪುನಃ ಕಪ್ಪು ಮಣ್ಣು ಬಂತು. ಅದರೊಳಗೆ ಬೆರಳಿಗೆ ಸಿಗುವ ಸಣ್ಣ ಸಣ್ಣ ಕರಿ ಕಾಳು, ಗಸಗಸೆಯಷ್ಟು. ಎಲ್ಲಕ್ಕಿಂತ ಕೆಳಗೆ ಬಿಳಿಚಿದ ನುಣುಪು ಮಣ್ಣು. ಒಣಗಿದರೆ ಹಪ್ಪಳದಷ್ಟು ಹಗುರ.

"ಇದು ಒಂದು ಕೆರೆ ಅಲ್ಲ ದಣಿಗಳೆ. ಕೆರೆಯ ಕೆಳಗೆ ಇನ್ನೊಂದು ಕೆರೆ ಉಂಟು" ಎಂದೆ ಬಲ್ಲಾಳರ ಹತ್ತಿರ.

ಅವರು ಕೊಡೆಯನ್ನು ನೆಲಕ್ಕೆ ಊರಿ ನಕ್ಕರು. "ಈ ಕೆರೆ ತೋಡಿಸಿದ್ದು ನಮ್ಮ ಹಿರಿಯರು. ಕಟ್ಟೆಯ ಕಲ್ಲಿನಲ್ಲಿ ಬರೆದು ಉಂಟು. ಅವರು ಬರುವ ಮೊದಲು ಇಲ್ಲಿ ಯಾವ ಕೆರೆ? ನಿನಗೆ ಬಿಸಿಲು ತಾಗಿದೆ ಲೋಕಯ್ಯ, ಮಜ್ಜಿಗೆ ಕುಡಿ."

ಕುಡಿದೆ. ಆದರೆ ಮಣ್ಣಿನ ವಿಷಯದಲ್ಲಿ ನನ್ನ ಕೈ ತಪ್ಪಿದ್ದಿಲ್ಲ ಎಂದು ನನಗೆ ಗೊತ್ತಿತ್ತು. ಬಂಟ್ವಾಳದ ಹೊಳೆಬದಿಯ ಹಂಚಿನ ಕಾರ್ಖಾನೆಗೆ ಮಣ್ಣು ಸಾಗಿಸುವ ಮೊಯ್ದೀನ್ ಬ್ಯಾರಿಗೂ ಗೊತ್ತಿತ್ತು. ಅವರು ಎತ್ತಿನ ಗಾಡಿಯಲ್ಲಿ ಒಯ್ಯುವ ಮಣ್ಣಿನ ಮಾದರಿಯನ್ನು ನಾನೇ ಉಂಡೆ ಕಟ್ಟಿ ಕೊಡಬೇಕು. ಅದಕ್ಕೆ ಒಂದು ಕ್ರಮ ಉಂಟು. ಮಣ್ಣನ್ನು ಮರದ ಮರಿಗೆಯಲ್ಲಿ ಹಾಕಿ, ನೀರು ಚಿಮುಕಿಸಿ, ಬೆರಳಿನಿಂದ ಉಜ್ಜಿ ಉಜ್ಜಿ ಹರಳು, ಕಾಳು, ಬೇರು ಒಂದೂ ಇಲ್ಲದ ಹಾಗೆ ಹೆಕ್ಕಿ ಬಿಸಾಡಬೇಕು. ಮತ್ತೆ ನಾದಿ ಉಂಡೆ ಮಾಡಿ ನೆರಳಲ್ಲಿ ಒಣಗಿಸಬೇಕು. ನಾನು ಕಟ್ಟಿದ ಉಂಡೆ ಬಿರುಕು ಬಿಟ್ಟದ್ದು ಎಂದು ಇಲ್ಲ. ಕಾರ್ಖಾನೆಯ ಯಜಮಾನರು ಉಂಡೆ ನೋಡಿದ ಕೂಡಲೆ, "ಇದು ಲೋಕಯ್ಯನದ್ದು" ಎನ್ನುತ್ತಿದ್ದರಂತೆ.

ಕೆಲಸ ಅರ್ಧ ಆಗಿದ್ದಾಗ ಬಲ್ಲಾಳರ ತಂಗಿಯ ಮಗಳು ತ್ರಿಶಲಾ ಅವರ ಕಾಗದ ಬಂತು. ಮೂಡಬಿದ್ರೆಯ ಹುಡುಗಿ. ಮದ್ರಾಸಿನಲ್ಲಿ ಗಿಡಮರಗಳ ವಿದ್ಯೆಯಲ್ಲಿ ದೊಡ್ಡ ಪರೀಕ್ಷೆ ಪಾಸು ಮಾಡಿದವರು. ಕೆರೆ ತೋಡುತ್ತಿದ್ದೀರಿ ಎಂದು ತಿಳಿಯಿತು, ಒಂದೊಂದು ಪದರದಿಂದ ಒಂದೊಂದು ಹಿಡಿ ಮಣ್ಣು ತೆಗೆದಿರಿಸಿ, ನಾನು ಬರುತ್ತೇನೆ ಎಂದು ಬರೆದಿದ್ದರು.

"ಅವಳಿಗೆ ಎಂತಕ್ಕೋ ಬೇಕಂತೆ. ಚಂದ ಮಾಡಿ ತೆಗೆದಿಡು" ಎಂದರು ಬಲ್ಲಾಳರು.

ಬೀಡಿನ ಮಗಳು, ಓದಿದವರು, ಕೇಳಿದ್ದಾರೆ. ನಾನು ಕಾರ್ಖಾನೆಗೆ ಕೊಡುವುದಕ್ಕಿಂತ ಎರಡು ಪಾಲು ಹೆಚ್ಚು ಶ್ರದ್ಧೆಯಿಂದ ಮಾಡಿದೆ. ಕೆರೆಯ ಬದಿಯಿಂದ ತೆಗೆದು, ಮೇಲಿನಿಂದ ಕೆಳಗಿನವರೆಗೆ ಹನ್ನೆರಡು ಉಂಡೆ. ಮಸಿಯಲ್ಲಿ ಒಂದು ಗೆರೆ, ಎರಡು ಗೆರೆ ಎಂದು ಗುರುತು ಹಾಕಿ ಹಲಗೆಯ ಮೇಲೆ ಸಾಲಾಗಿ ಇರಿಸಿದೆ.

ತ್ರಿಶಲಾ ಅವರು ಬೇಶ ತಿಂಗಳ ಮೊದಲ ವಾರ, ಮೇ ನಡುವಿನಲ್ಲಿ, ಬಂದರು. ಕಾಲೇಜಿನಿಂದ ಎರವಲು ತಂದ ಮೈಕ್ರೋಸ್ಕೋಪಿನ ಮರದ ಪೆಟ್ಟಿಗೆಯನ್ನು ಬಸ್ಸಿನಿಂದ ಇಳಿಯುವವರೆಗೂ ಮಡಿಲಿನಲ್ಲೇ ಇರಿಸಿಕೊಂಡಿದ್ದರಂತೆ. ಹಲಗೆ ನೋಡಿ ಅವರ ಮುಖ ಅರಳಿತು.

"ಲೋಕಯ್ಯಣ್ಣ, ಲಾಡಿನ ಹಾಗೆ ಉಂಟಲ್ಲ!"

ಮಣ್ಣು ಹೊರುವ ಹೆಂಗಸರ ಸಾಲಿನಿಂದ ನನ್ನ ಹೆಂಡತಿ ದಮಯಂತಿ ಹೇಳಿದಳು: "ಮನೆಯಲ್ಲಿ ಒಂದು ರೊಟ್ಟಿಯ ಹಿಟ್ಟು ಕಲಸಿದವರಲ್ಲ ಅಕ್ಕ. ಮಣ್ಣು ಆದರೆ ನೋಡಿ, ಮದುಮಗಳಿಗೆ ಬಡಿಸುವ ಹಾಗೆ ಮಾಡ್ತಾರೆ."

ಉಂಡೆ ಕಟ್ಟಿದ್ದು ಹೇಗೆ ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ. ಒದ್ದೆ ಮಣ್ಣನ್ನು ಹಾಗೆಯೇ ಹಿಡಿದು ಒತ್ತಿದ್ದು ಎಂದು ಅವರು ತಿಳಿದುಕೊಂಡಿರಬೇಕು.

ಅವರ ಕೆಲಸ ಏನೆಂದು ಮಧ್ಯಾಹ್ನ ಜಗಲಿಯಲ್ಲಿ ನನಗೆ ವಿವರಿಸಿದರು. ಕೆರೆಯ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಅದು ತನ್ನ ಸುತ್ತ ಗಾಜಿನಂತಹ ಚಿಪ್ಪು ಕಟ್ಟಿಕೊಳ್ಳುತ್ತದೆ. ಪಾಚಿ ಸಾಯುತ್ತದೆ, ಚಿಪ್ಪು ಕೆಸರಿನಲ್ಲಿ ಉಳಿಯುತ್ತದೆ, ಸಾವಿರಾರು ವರ್ಷ.

"ಆಳದ ನೀರಿನಲ್ಲಿ ತೇಲುವ ಜಾತಿ ಬೇರೆ, ಹುಲ್ಲಿನ ಕಡ್ಡಿಗೆ ಅಂಟಿಕೊಳ್ಳುವ ಜಾತಿ ಬೇರೆ. ಯಾವ ಪದರದಲ್ಲಿ ಯಾವ ಚಿಪ್ಪು ಉಂಟು ಅಂತ ನೋಡಿದರೆ, ಆಗ ಈ ಕೆರೆ ಹೇಗೆ ಇತ್ತು ಅಂತ ಹೇಳ್ಬಹುದು" ಎಂದರು. ಮತ್ತೆ ದನಿ ತಗ್ಗಿಸಿದರು. "ಮದ್ರಾಸಿನಲ್ಲಿ ಪ್ರೊಫೆಸರರ ಹತ್ತಿರ ಸಂಶೋಧನೆಗೆ ಒಂದೇ ಜಾಗ ಇರುವುದು ಲೋಕಯ್ಯಣ್ಣ. ಮಳೆಗಾಲ ಹಿಡಿಯುವುದರೊಳಗೆ ಒಂದು ಕೆರೆಯ ಚರಿತ್ರೆ ತಂದು ತೋರಿಸು, ಜಾಗ ನಿನಗೆ ಅಂತ ಹೇಳಿದ್ದಾರೆ. ಇಲ್ಲದಿದ್ದರೆ ಬೇರೆಯವರಿಗೆ. ನನಗೆ ಇರುವುದು ಇದೊಂದೇ ಕೆರೆ."

ಮಣ್ಣನ್ನು ಆಸಿಡ್ಡಿನಲ್ಲಿ ಕುದಿಸಬೇಕು ಎಂದಾಗ ಬಲ್ಲಾಳರು ಕುರ್ಚಿಯಿಂದ ಎದ್ದರು. ಜೈನರ ಮನೆ, ನೀರನ್ನು ಬಟ್ಟೆಯಲ್ಲಿ ಸೋಸದೆ ಬಾಯಿಗೆ ಹಾಕುವವರಲ್ಲ.

"ಜೀವ ಉಂಟಾ ಮಗಾ ಅದರಲ್ಲಿ?"

"ಇಲ್ಲ ಮಾವ. ಸತ್ತು ಎಷ್ಟೋ ಸಾವಿರ ವರ್ಷ ಆಯಿತು."

"ಹಾಗಾದರೆ ಕುದಿಸು. ಆದರೆ ಅಡಿಗೆಮನೆಯಲ್ಲಿ ಬೇಡ."

ದನದ ಕೊಟ್ಟಿಗೆಯ ಹಿಂದೆ ಒಲೆ ಹೂಡಿಕೊಟ್ಟೆ. ಐದು ದಿನ ಅವರು ಕುದಿಸಿದರು, ತೊಳೆದರು, ಗಾಜಿನ ಪಟ್ಟಿಯ ಮೇಲೆ ಇರಿಸಿ ನೋಡಿದರು, ಬರೆದರು. ಮೊದಲನೆಯ ದಿನ ಇದ್ದ ಮಾತು ಮೂರನೆಯ ದಿನ ಇರಲಿಲ್ಲ. ಐದನೆಯ ದಿನ ಸಂಜೆ ಜಗಲಿಯಲ್ಲಿ ಅವರು ಪೆಟ್ಟಿಗೆಗೆ ಮೈಕ್ರೋಸ್ಕೋಪು ತುಂಬಿಸುವುದು ಕಂಡಿತು. ಬಲ್ಲಾಳರು ಪಕ್ಕದಲ್ಲಿ ಕುಳಿತಿದ್ದರು. ಮೊಯ್ದೀನ್ ಬ್ಯಾರಿ ಮೆಟ್ಟಿಲ ಕೆಳಗೆ ನಿಂತು ಗಾಡಿಯ ಲೆಕ್ಕ ಹೇಳಲು ಕಾಯುತ್ತಿದ್ದರು. ನಾನು ಹೋದದ್ದು ಬೇರೆ ವಿಷಯಕ್ಕೆ. ಕೆರೆ ತೋಡುವಾಗ ಎಷ್ಟು ಆಳ ಆಯಿತೆಂದು ನೋಡಲು ನಡುವೆ ಒಂದು ಕಡೆ ಮಣ್ಣನ್ನು ಮುಟ್ಟದೆ ಕಂಬದ ಹಾಗೆ ಬಿಡುತ್ತೇವೆ. ಯಜಮಾನರು ಅಳೆದು ಆದ ಮೇಲೆ ಅದನ್ನೂ ಕಡಿಯುವುದು. ನಾಳೆ ಕಡಿಯಲಾ ಎಂದು ಕೇಳಬೇಕಿತ್ತು.

"ಎಂತಾಯಿತು ಅಕ್ಕ?" ಎಂದೆ.

"ಏನೂ ಇಲ್ಲ ಲೋಕಯ್ಯಣ್ಣ. ಎಲ್ಲ ಉಂಡೆಯಲ್ಲೂ ಎಲ್ಲವೂ ಉಂಟು. ಮೇಲಿನದ್ದೂ ಅದೇ, ತಳದ್ದೂ ಅದೇ. ಈಗಿನ ಕೆರೆಯಲ್ಲಿರುವ ಪಾಚಿಯ ಚಿಪ್ಪು ಮೂರು ಕೋಲು ಕೆಳಗೂ ಉಂಟು. ಈ ಮಣ್ಣಿಗೆ ಚರಿತ್ರೆಯೇ ಇಲ್ಲ."

"ಹೋಗಲಿ ಮಗಾ. ಕೆರೆ ಅಂದರೆ ಕೆರೆ. ಅದಕ್ಕೆ ಎಂತ ಚರಿತ್ರೆ?" ಎಂದರು ಬಲ್ಲಾಳರು.

ನೀವೂ ಒಮ್ಮೆ ನೋಡಿ ಎಂದು ತ್ರಿಶಲಾ ಅವರು ತಾವು ಬರೆದ ಚಿತ್ರಗಳ ಪುಸ್ತಕವನ್ನು ನನ್ನ ಮುಂದೆ ಇರಿಸಿದರು. ದೋಣಿಯ ಆಕಾರ, ಸರಪಳಿಯ ಆಕಾರ, ಬಾಚಣಿಗೆಯ ಆಕಾರ. ನಾನು ಪುಟ ತಿರುವುತ್ತಾ ಹೋದೆ. ಒಂದು ಚಿತ್ರ ಇರಬೇಕಾಗಿತ್ತು, ಇರಲಿಲ್ಲ.

"ಆ ಕರಿ ಕಾಳು ಬರೆಯಲಿಲ್ಲವಾ?"

"ಯಾವ ಕಾಳು?"

ಆಗ ನನಗೆ ಹೊಳೆಯಿತು. ಆ ಕಾಳುಗಳನ್ನು ಒಂದೊಂದಾಗಿ ಹೆಕ್ಕಿ ಬಿಸಾಡಿದವನು ನಾನೇ. ಎಲ್ಲ ಪದರವನ್ನೂ ನಾದಿದ್ದು ಒಂದೇ ಮರಿಗೆಯಲ್ಲಿ. ಚಿಮುಕಿಸಿದ್ದು ಕೆರೆಯ ಮೂಲೆಯ ಹೊಂಡದ ಹಸಿರು ನೀರು.

ಏನೂ ಇಲ್ಲ ಅಕ್ಕ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಬೆಳಿಗ್ಗೆ ಅವರು ಬಸ್ಸು ಹತ್ತುತ್ತಿದ್ದರು. ನಾನು ಕಂಬ ಕಡಿಸುತ್ತಿದ್ದೆ. ತಪ್ಪು ಯಾರದ್ದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಮೊಯ್ದೀನ್ ಬ್ಯಾರಿ ಕೇಳಿಸಿಕೊಂಡರೆ ನಾಳೆ ಮಧ್ಯಾಹ್ನದೊಳಗೆ ಬಂಟ್ವಾಳ ಪೇಟೆಗೆಲ್ಲ ಮಾತು ಮುಟ್ಟುತ್ತದೆ ಎಂದೂ ಗೊತ್ತಿತ್ತು. ಇಪ್ಪತ್ತೈದು ವರ್ಷ ತಪ್ಪದ ಕೈ. ಪುಸ್ತಕ ಮುಚ್ಚಿ ಅವರ ಕೈಗೆ ಕೊಟ್ಟೆ.

"ಅಕ್ಕ, ಮಣ್ಣಿಗೆ ಚರಿತ್ರೆ ಇಲ್ಲ ಅಂತ ಹೇಳಬೇಡಿ. ಕೆಡಿಸಿದ್ದು ನಾನು" ಎಂದೆ. ಉಂಡೆ ಕಟ್ಟಿದ ಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಮರಿಗೆ, ಹೊಂಡದ ನೀರು, ಕಾಳು ಹೆಕ್ಕಿದ್ದು, ಒಂದನ್ನೂ ಬಿಡಲಿಲ್ಲ.

ಮೊಯ್ದೀನ್ ಬ್ಯಾರಿಯೇ ಮೊದಲು ಬಾಯಿ ತೆರೆದರು. "ಅಲ್ಲ ಲೋಕಣ್ಣ, ಮೀನು ತರಲಿಕ್ಕೆ ಹೇಳಿದರೆ ಮೀನು ಬಿಸಾಡಿ ಬುಟ್ಟಿ ತೊಳೆದು ತಂದ ಹಾಗೆ ಆಯಿತಲ್ಲ ಮಾರಾಯ!"

"ಬ್ಯಾರಿಗಳೆ, ನೀವು ಸುಮ್ಮನಿರಿ" ಎಂದರು ಬಲ್ಲಾಳರು. ಆದರೆ ಅವರಿಗೂ ನಗು ಬಂದಿತ್ತು.

ತ್ರಿಶಲಾ ಅವರು ನಗಲಿಲ್ಲ. ನನ್ನ ಮುಂದೆ ಬಂದು ಕುಕ್ಕರುಗಾಲಿನಲ್ಲಿ ಕುಳಿತರು. "ಕಾಳು ಎಷ್ಟು ದೊಡ್ಡದು? ಅದರ ಮೇಲೆ ಗೆರೆ ಉಂಟಾ?"

"ಗಸಗಸೆಯಷ್ಟು. ಬಿಸಿಲಿಗೆ ಹಿಡಿದರೆ ತಿರುಪಿನ ಹಾಗೆ ಸುತ್ತುಗೆರೆ ಉಂಟು."

ಅವರು ನೆಲಕ್ಕೆ ಕೈ ಊರಿದರು. "ಅದೂ ಪಾಚಿಯದ್ದೇ ಲೋಕಯ್ಯಣ್ಣ. ನೋಡಲಿಕ್ಕೆ ನೀರಿನ ಹುಲ್ಲಿನ ಹಾಗೆ ಇರ್ತದೆ, ಅದರ ಬೀಜ. ತಿಳಿನೀರು ನಿಂತು, ತಳದವರೆಗೆ ಬೆಳಕು ಮುಟ್ಟಿದರೆ ಮಾತ್ರ ಆಗುವಂಥದ್ದು. ಆ ಮಣ್ಣು ಇನ್ನು ಎಲ್ಲಾದರೂ ಉಳಿದಿದೆಯಾ?"

ತೋಡಿದ ಮಣ್ಣೆಲ್ಲ ಬೆರೆತು ಕಟ್ಟೆಯ ಮೇಲೆ ರಾಶಿ ಬಿದ್ದಿತ್ತು, ಅರ್ಧ ಬಂಟ್ವಾಳಕ್ಕೆ ಹೋಗಿತ್ತು. ಕೆರೆಯ ಬದಿಗಳನ್ನು ಕಲ್ಲು ಕಟ್ಟಿ ಮುಚ್ಚಿದ್ದೆವು.

"ಅಳತೆಯ ಕಂಬ ಉಂಟು. ಪದರ ಪದರ ಹಾಗೆಯೇ ನಿಂತಿದೆ. ಆದರೆ ಹಿಡಿ ಹಿಡಿಯಾಗಿ ಕೊಡುವುದಿಲ್ಲ. ಇಡೀ ಕಂಬವನ್ನೇ ಕೊಡ್ತೇನೆ" ಎಂದೆ.

"ಹೇಗೆ?"

"ನಾಳೆ ನೋಡಿ."

ಮೂಡು ದಿಕ್ಕಿನಲ್ಲಿ, ಕುದುರೆಮುಖದ ಕಡೆ, ಎರಡು ದಿನದಿಂದ ಮೋಡ ಕಟ್ಟುತ್ತಿತ್ತು. ಒಂದು ಮಳೆ ಬಿದ್ದರೆ ಕಂಬ ನೀರಿನಲ್ಲಿ ಕಲಸಿಹೋಗುತ್ತದೆ. ಬೆಳಕು ಹರಿಯುವ ಮೊದಲೇ ನಾನು ಬೀಡಿನ ತೋಟಕ್ಕೆ ಹೋದೆ. ತೋಟಕ್ಕೆ ನೀರು ಹಾಯಿಸಲು ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ತಿರುಳು ತೆಗೆದು ದಂಬೆ ಮಾಡುತ್ತಾರಲ್ಲ, ಅಂಥ ಹಳೆಯ ದಂಬೆಗಳು ಹತ್ತಾರು ಬಿದ್ದಿದ್ದವು. ಅವನ್ನು ಮುಟ್ಟಲಿಲ್ಲ. ಅವುಗಳಲ್ಲಿ ವರ್ಷಗಟ್ಟಲೆ ಕೆರೆಯ ನೀರು ಹರಿದಿದೆ. ಒಂದು ಸಲ ಕಲಿತದ್ದು ಸಾಕು. ಕಳೆದ ವರ್ಷ ಬಿದ್ದು ಸೌದೆಕೊಟ್ಟಿಗೆಯಲ್ಲಿ ಒಣಗಿದ್ದ ಮರ ಸೀಳಿ ಎರಡು ಹೊಸ ದಂಬೆ ಕೆತ್ತಿದೆ. ಎರಡು ಅಂಚನ್ನೂ ಕತ್ತಿಯ ಬಾಯಿಯ ಹಾಗೆ ಹರಿತ ಮಾಡಿದೆ.

ಕೆರೆಗೆ ಇಳಿಯುವ ಮೊದಲು ಎಲ್ಲರಿಗೂ ಹೇಳಿದೆ, ನೀರು ಮುಟ್ಟಿದ ಕೈ ಕಂಬದ ಹತ್ತಿರ ಬರಬಾರದು.

"ಬೆವರು ಬಂದರೆ?" ಎಂದಳು ದಮಯಂತಿ.

"ಅದೂ ನೀರೇ."

"ಹಾಗಾದರೆ ಮೊದಲು ನಿಮ್ಮ ಹಣೆ ಕಟ್ಟಿಕೊಳ್ಳಿ" ಎಂದು ತನ್ನ ತಲೆಯ ಮೇಲಿನ ಸಿಂಬಿಯ ಬಟ್ಟೆ ಬಿಚ್ಚಿ ನನ್ನ ಹಣೆಗೆ ಬಿಗಿದಳು. ಹೆಂಗಸರೆಲ್ಲ ನಕ್ಕರು. ನಾನು ಬಿಚ್ಚಲಿಲ್ಲ.

ಕಂಬದ ಹೊರಮೈ ಒಂದೂವರೆ ತಿಂಗಳು ಕೆಸರಿನ ಕೈ, ಹೊಂಡದ ನೀರು ಸಿಡಿದು ಕೆಟ್ಟಿತ್ತು. ಒಂದು ಗೇಣು ದಪ್ಪ ಕೆತ್ತಿ ತೆಗೆದೆ. ಒಂದು ಪದರ ಕೆತ್ತಿದ ಮೇಲೆ ಒಣಬಟ್ಟೆಯಲ್ಲಿ ಕತ್ತಿ ಒರೆಸಿ ಮುಂದಿನ ಪದರ ಮುಟ್ಟಿದೆ. ಒಳಗಿನ ಮುಖ ಕಂಡಾಗ ಮೇಲಿದ್ದವರು ಅಂಚಿಗೆ ಬಂದು ಬಗ್ಗಿ ನೋಡಿದರು. ಕಪ್ಪು, ಬೂದು, ಹರಳಿನ ಕೆಂಪು, ಪುನಃ ಕಪ್ಪು, ತಳದ ಬಿಳಿ. ಸೀರೆಯ ಪಟ್ಟೆಯ ಹಾಗೆ ಒಂದರ ಮೇಲೊಂದು.

ಮೇಲಿನ ಅರ್ಧಕ್ಕೆ ಮೊದಲ ದಂಬೆಯನ್ನು ನಿಲ್ಲಿಸಿ ಮರದ ಕೊಡತಿಯಿಂದ ಮೆಲ್ಲಗೆ ಬಡಿದೆ. ಅಂಚು ಮಣ್ಣಿನೊಳಗೆ ಇಳಿಯಿತು. ಹರಳಿನ ಪದರದಲ್ಲಿ ನಿಂತುಬಿಟ್ಟಿತು. ಜೋರಾಗಿ ಬಡಿದರೆ ಕಂಬ ಒಡೆಯುತ್ತದೆ. ಬಡಿಯುವುದು ನಿಲ್ಲಿಸಿ, ಅಂಚಿನ ಎದುರಿಗೆ ಬಂದ ಹರಳನ್ನು ಮೊಳೆಯ ತುದಿಯಿಂದ ಒಂದೊಂದಾಗಿ ಬಿಡಿಸಿದೆ. ಅಷ್ಟಕ್ಕೇ ಒಂದು ಗಂಟೆ ಹೋಯಿತು. ಮೇಲಿನಿಂದ ಬಲ್ಲಾಳರು, "ಮೋಡ ಗುಡ್ಡ ಇಳಿದು ಬಂತು ಲೋಕಯ್ಯ" ಎಂದರು.

"ಬರಲಿ ದಣಿಗಳೆ. ಹರಳಿಗೆ ಅವಸರ ಇಲ್ಲ" ಎಂದೆ.

ದಂಬೆ ಪೂರ್ತಿ ಕೂತ ಮೇಲೆ ಹಿಂದಿನಿಂದ ಕೊಯ್ಯಬೇಕು. ಕತ್ತಿ ಹಾಕಿದರೆ ಮಣ್ಣು ಎಳೆದು ಪದರ ಬೆರೆಯುತ್ತದೆ. ಮೊಯ್ದೀನ್ ಬ್ಯಾರಿ ಗಾಡಿಯಿಂದ ಸಣ್ಣ ಉಕ್ಕಿನ ಸರಿಗೆ ತಂದರು. ಅದರ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಹರಳಿನ ಪದರದ ತನಕ ಮೇಲಿನಿಂದ, ಅದರ ಕೆಳಗಿನದನ್ನು ಕೆಳಗಿನಿಂದ, ಅಡ್ಡಡ್ಡ ಎಳೆದು ಕೊಯ್ದೆವು. ಹರಳಿನಲ್ಲಿ ಮಾತ್ರ ಪುನಃ ಮೊಳೆ.

"ಉಸಿರು ಬಿಡಬಹುದಾ ಲೋಕಣ್ಣ, ಅದಕ್ಕೂ ನಿಮ್ಮ ಅಪ್ಪಣೆ ಬೇಕಾ?" ಎಂದರು ಬ್ಯಾರಿ.

"ಆಚೆ ತಿರುಗಿ ಬಿಡಿ" ಎಂದೆ.

ಮೂರು ಜನ ಹಿಡಿದು, ಹಸುಗೂಸನ್ನು ಮಲಗಿಸುವ ಹಾಗೆ ದಂಬೆಯನ್ನು ಅಡ್ಡ ಮಲಗಿಸಿದೆವು. ಒಂದು ಬಿರುಕೂ ಇಲ್ಲ. ಎರಡನೆಯ ದಂಬೆಯನ್ನು ಮೊದಲನೆಯದು ಮುಗಿದಲ್ಲಿಂದ ತೆಗೆಯಲಿಲ್ಲ. ಪಕ್ಕದ ಮುಖದಲ್ಲಿ, ಅದಕ್ಕಿಂತ ಒಂದು ಗೇಣು ಮೇಲಿನಿಂದ ಶುರು ಮಾಡಿದೆ. ಏಕೆ ಎಂದು ತ್ರಿಶಲಾ ಅವರು ಕೇಳಿದರು.

"ಕೊಯ್ದ ತುದಿಯಲ್ಲಿ ಒಂದಿಷ್ಟು ಉದುರಿಯೇ ಉದುರ್ತದೆ. ಎರಡರಲ್ಲೂ ಒಂದು ಗೇಣು ಒಂದೇ ಮಣ್ಣು ಇದ್ದರೆ ನಡುವೆ ಏನೂ ತಪ್ಪಿ ಹೋಗುವುದಿಲ್ಲ."

ಅವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ನಾನು ಹೇಳಿದ್ದನ್ನು ಒಬ್ಬರು ಬರೆದುಕೊಂಡದ್ದು ಅದೇ ಮೊದಲು.

ಎರಡನೆಯ ದಂಬೆ ಜಗಲಿ ಮುಟ್ಟಿ ಕಾಲು ಗಂಟೆಯಾಗಿರಬಹುದು, ಗಾಳಿ ಎದ್ದು ಮಳೆ ಹೊಡೆಯಿತು. ಜಗಲಿಯಲ್ಲಿ ನಿಂತು ನೋಡುತ್ತಿದ್ದ ಹಾಗೆಯೇ ಕೆರೆಯಲ್ಲಿ ಉಳಿದಿದ್ದ ಕಂಬದ ಮೊಂಡು ಕುಸಿದು ಕೂತಿತು.

ಈ ಸಲ ತ್ರಿಶಲಾ ಅವರು ಸೋಸಿದ ನೀರನ್ನೂ ಕುದಿಸಿ, ಅದರ ಹಬೆಯನ್ನು ತಣಿಸಿ ಹಿಡಿದ ನೀರನ್ನೇ ಬಳಸಿದರು. ಎರಡನೆಯ ದಂಬೆಯಲ್ಲಿ ನಾನು ತೋರಿಸಿದ ಕಡೆ ಸೂಜಿಯಿಂದ ಮಣ್ಣು ಬಿಡಿಸಿ, ತಟ್ಟೆಯಲ್ಲಿ ಕರಗಿಸಿದರು. ತಳದಲ್ಲಿ ಕರಿ ಕಾಳು ಉಳಿಯಿತು. ಒಂದನ್ನು ಎತ್ತಿ ಭೂತಕನ್ನಡಿಯ ಕೆಳಗೆ ಇರಿಸಿದರು. ಬಹಳ ಹೊತ್ತು ಬಗ್ಗಿ ನೋಡಿದರು. ತಲೆ ಎತ್ತಿದಾಗ ಕಣ್ಣಲ್ಲಿ ನೀರು ಇತ್ತು. "ಮಣ್ಣಿಗೆ ಬೀಳಿಸಬೇಡಿ ಅಕ್ಕ" ಎಂದೆ. ಅವರು ನಗುತ್ತಲೇ ಹಿಂದೆ ಸರಿದರು.

ಆರು ದಿನದಲ್ಲಿ ಅವರ ಪುಸ್ತಕ ತುಂಬಿತು. ಏಳನೆಯ ದಿನ ನಮ್ಮನ್ನೆಲ್ಲ ಜಗಲಿಗೆ ಕರೆದು ತಳದಿಂದ ಶುರು ಮಾಡಿದರು. ತಳದ ಬಿಳಿ ಮಣ್ಣು ಹೆಚ್ಚುಕಡಿಮೆ ಬರೀ ಗಾಜಿನ ಚಿಪ್ಪು. ಎಲ್ಲ ತೇಲುವ ಜಾತಿ, ಸರಪಳಿಯಂಥವು. ಹಾಗಾದರೆ ಅಲ್ಲಿ ಆಳದ, ಅಗಲವಾದ ನೀರು ಇತ್ತು. ಅದರ ಮೇಲಿನ ಕಪ್ಪಿನಲ್ಲಿ ಕಾಳೂ, ಕಡ್ಡಿಗೆ ಅಂಟುವ ಜಾತಿಯೂ. ನೀರು ತಗ್ಗಿ, ತಿಳಿಯಾಗಿ, ಹುಲ್ಲು ತುಂಬಿತ್ತು. ಹರಳಿನಲ್ಲಿ ಚಿಪ್ಪೇ ಇಲ್ಲ. ಅಲ್ಲಿಗೆ ನೀರು ಬತ್ತಿತು, ಗುಡ್ಡದ ಹರಳು ಬಂದು ಬಿತ್ತು. ಹರಳಿನ ಮೇಲೆ ಏಕಾಏಕಿ ಈಗಿನ ಕೆರೆಯ ಪಾಚಿ.

"ಎಷ್ಟು ವರ್ಷ ಹಿಂದಿನದ್ದು?" ಎಂದರು ಬಲ್ಲಾಳರು.

"ಅದನ್ನು ಈ ಚಿಪ್ಪು ಹೇಳುವುದಿಲ್ಲ ಮಾವ. ನೀರು ಹೇಗಿತ್ತು ಅಂತ ಮಾತ್ರ ಹೇಳ್ತದೆ. ಆದರೆ ಇಷ್ಟು ಮಣ್ಣು ಕೂರಬೇಕಾದರೆ ಬಹಳ ಕಾಲ ಬೇಕು."

ಬಲ್ಲಾಳರು ಕೊಡೆಯ ಹಿಡಿಯನ್ನು ತಿರುಗಿಸುತ್ತಾ ಕುಳಿತರು. ಕಟ್ಟೆಯ ಕಲ್ಲು ಅವರ ಮನಸ್ಸಿನಲ್ಲಿತ್ತು. "ಹಾಗಾದರೆ ನಮ್ಮ ಹಿರಿಯರು ತೋಡಿಸಿದ್ದು ಸುಳ್ಳಾ?"

ತ್ರಿಶಲಾ ಅವರು ನನ್ನನ್ನು ನೋಡಿದರು. ಈ ಮಾತಿಗೆ ಉತ್ತರ ನಾನು ಹೇಳಬೇಕಿತ್ತು.

"ಸುಳ್ಳಲ್ಲ ದಣಿಗಳೆ. ಹರಳಿನ ಮೇಲಿನ ಬೂದು ಮಣ್ಣು ಬಂದದ್ದು ಅವರು ತೋಡಿಸಿದ ಮೇಲೆ. ಹರಳು ಹರಡಿದ ಬರಡು ಜಾಗದಲ್ಲಿ ನಿಂತು, ಇಲ್ಲೇ ನೀರು ಉಂಟು ಅಂತ ಗುರುತಿಸಿದ್ದಾರಲ್ಲ, ಅದು ಸಣ್ಣ ಕೆಲಸ ಅಲ್ಲ."

ಬಲ್ಲಾಳರ ಬೆನ್ನು ನೆಟ್ಟಗಾಯಿತು. "ಕೇಳಿದಿರಾ ಬ್ಯಾರಿಗಳೆ? ಸತ್ತ ನೀರನ್ನು ಎಬ್ಬಿಸಿದವರು ನಮ್ಮವರು." ಮತ್ತೆ ನನ್ನ ಕಡೆ ತಿರುಗಿ, "ಕೆರೆಯ ಕೆಳಗೆ ಕೆರೆ ಅಂತ ನೀನು ಹೇಳಿದಾಗ ನಾನು ಮಜ್ಜಿಗೆ ಕುಡಿ ಅಂದೆ. ನನ್ನ ಮಾತು ಅಲ್ಲ, ನಿನ್ನ ಮಾತೇ ಸರಿ ಆಯಿತು" ಎಂದರು. ಅಷ್ಟು ಜನರ ಎದುರಿಗೆ.

ದಂಬೆಗಳಿಗೆ ಹೊಸ ಕೋರಾ ಬಟ್ಟೆ ಸುತ್ತಿ, ಮೇಲೆ ಹಲಗೆ ಕಟ್ಟಿ ಕಳುಹಿಸಿದೆವು. ಶಿರ್ತಾಡಿಯಲ್ಲಿ ಕಂಡಕ್ಟರ್ ಹತ್ತಿಸಿಕೊಳ್ಳಲು ಒಪ್ಪಲಿಲ್ಲ. "ಬಿಳಿ ಬಟ್ಟೆ ಸುತ್ತಿದ್ದೀರಿ. ಇದೆಂತ ಹೆಣವಾ?" ಎಂದು ಕೇಳಿದ.

"ಕೆರೆ" ಎಂದೆ.

"ಕೆರೆಗೆ ಟಿಕೇಟು ಇಲ್ಲ" ಎಂದು ನಕ್ಕು ಬಸ್ಸಿನ ಮೇಲೆ ಹತ್ತಿಸಿದ. ಬಿಸಿಲು, ಮಳೆ ಬೀಳದ ಹಾಗೆ ಟಾರ್ಪಾಲು ಹೊದೆಸುವವರೆಗೂ ನಾನು ಏಣಿ ಇಳಿಯಲಿಲ್ಲ.

ಮದ್ರಾಸಿನ ಜಾಗ ತ್ರಿಶಲಾ ಅವರಿಗೇ ಸಿಕ್ಕಿತು. ಮರುವರ್ಷ ಬೇಸಿಗೆಯಲ್ಲಿ ಬೆಳ್ತಂಗಡಿಯ ಹತ್ತಿರ ಲಾಯಿಲದಲ್ಲಿ ಒಂದು ಹಳೆ ಕೆರೆ ತೋಡುವ ಸುದ್ದಿ ತಿಳಿದು, ಪ್ರೊಫೆಸರರನ್ನೇ ಕರೆದುಕೊಂಡು ಬಂದರು. ನನಗೆ ಹೇಳಿ ಕಳುಹಿಸಿದ್ದರು. ಪ್ರೊಫೆಸರರು ಎತ್ತರದ ಮನುಷ್ಯ, ಕನ್ನಡ ಬಾರದು. ಅವರ ಜೊತೆ ತಗಡಿನ ಹೊಸ ಪೆಟ್ಟಿಗೆಗಳೂ ಇಬ್ಬರು ಆಳುಗಳೂ ಇದ್ದರು. ಆಳುಗಳು ಕೆಸರು ದಾಟಿ, ಒದ್ದೆ ಕಾಲಲ್ಲಿ ನೇರ ಕಂಬದ ಕಡೆ ಹೊರಟರು. ಪ್ರೊಫೆಸರರೂ ಅವರ ಹಿಂದೆ.

"ನಿಲ್ಲಿ" ಎಂದೆ.

ನನ್ನ ದನಿ ಅಷ್ಟು ಗಟ್ಟಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಮೂವರೂ ನಿಂತರು. ಏನಂತೆ ಎಂದು ಪ್ರೊಫೆಸರರು ಇಂಗ್ಲಿಷಿನಲ್ಲಿ ಕೇಳಿರಬೇಕು. ತ್ರಿಶಲಾ ಅವರು ಹೇಳಿದರು. ಅವರು ತಮ್ಮ ಕಾಲು ನೋಡಿಕೊಂಡರು, ನನ್ನನ್ನು ನೋಡಿದರು. ಮತ್ತೆ ಪಕ್ಕದ ಒಣಗಿದ ಕಲ್ಲಿನ ಮೇಲೆ ಕುಳಿತು, ಜೇಬಿನ ಕರವಸ್ತ್ರದಿಂದ ಬೆರಳುಗಳ ಸಂದು ಸಂದು ಒರೆಸಿಕೊಳ್ಳತೊಡಗಿದರು. ಒರೆಸಿ ಆದ ಮೇಲೆ ಎರಡು ಕಾಲನ್ನೂ ನನ್ನ ಕಡೆ ಎತ್ತಿ ತೋರಿಸಿದರು.

ನೋಡಿದೆ. ಒಣಗಿತ್ತು.

"ಈಗ ಬನ್ನಿ" ಎಂದು ಹೇಳಿ, ಕಂಬದ ಹೊರಮೈಗೆ ಕತ್ತಿ ಇರಿಸಿದೆ.